ತವರ ಮುಗಿಯಿತು, ಮರ ಉಳಿಯಿತು

ಜರ್ಮನಿಯ ಸ್ಯಾಕ್ಸನಿಯಲ್ಲಿ, ಚೆಕ್ ಗಡಿಯಂಚಿನ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳ ನಡುವೆ ಜೈಫೆನ್ ಎಂಬ ಪುಟ್ಟ ಹಳ್ಳಿಯಿದೆ. ಕ್ರಿಸ್‌ಮಸ್ ಹತ್ತಿರ ಬಂದರೆ ಇಲ್ಲಿನ ಬೀದಿಯಲ್ಲಿ ಜನಜಾತ್ರೆ. ಬಂದವರಿಗೆಲ್ಲ ಬೇಕಾದದ್ದು ಮರದ ಗೊಂಬೆ. ಆದರೆ ಊರು ಹುಟ್ಟಿದ್ದು ಗೊಂಬೆಯಿಂದಲ್ಲ, ತವರದಿಂದ.

1324ರ ದಾಖಲೆಯೊಂದರಲ್ಲಿ ಈ ಜಾಗದ ಹೆಸರು ಮೊದಲು ಸಿಗುತ್ತದೆ. ಹಳ್ಳದ ಮರಳು ತೊಳೆದು ಅದಿರು ಹೆಕ್ಕುತ್ತಿದ್ದವರು ಕ್ರಮೇಣ ಬಂಡೆಗೇ ಕೈಹಾಕಿದರು. ಅವರು ತೋಡಿದ ಭಾರಿ ಹೊಂಡಗಳು ಈಗಲೂ ಅಲ್ಲಿವೆ. ಬರಬರುತ್ತಾ ಗಣಿಯ ಕೂಲಿಯಿಂದ ಸಂಸಾರ ಸಾಗದಾದಾಗ ಜನ ಉಳಿ ಹಿಡಿದರು. ಸುತ್ತ ಕಾಡಿತ್ತು, ಅದಿರು ಕುಟ್ಟುವ ಯಂತ್ರ ತಿರುಗಿಸುತ್ತಿದ್ದ ಹಳ್ಳದ ನೀರು ಮರ ಕಡೆಯುವ ಲೇತನ್ನೂ ತಿರುಗಿಸಿತು. ಮೊದಮೊದಲು ತಟ್ಟೆ, ಬಟ್ಟಲು, ಗುಂಡಿ, ಆಮೇಲೆ ಆಟಿಕೆ. 1849ರಲ್ಲಿ ಗಣಿಗಾರಿಕೆ ನಿಂತಾಗ ಊರು ಗುಳೆ ಹೋಗಲಿಲ್ಲ.

ಇಲ್ಲಿನ ನಿಜವಾದ ಕೈಚಳಕ 1800ರ ಆಸುಪಾಸಿನಲ್ಲಿ ರೂಪುಗೊಂಡ ಬಳೆ ಕಡೆಯುವ ವಿದ್ಯೆ. ಸ್ಪ್ರೂಸ್ ಮರದ ಹಸಿ ದಿಮ್ಮಿಯ ಬಿಲ್ಲೆಯೊಂದನ್ನು ಲೇತಿಗೆ ಏರಿಸುತ್ತಾರೆ. ಗರಗರ ತಿರುಗುವ ಬಿಲ್ಲೆಗೆ ಉಳಿ ತಾಗಿಸಿ ಒಂದು ಮಗ್ಗುಲಲ್ಲಿ ತಗ್ಗು, ಉಬ್ಬು, ಗೀರು ಮೂಡಿಸಿ, ತಿರುವಿಹಾಕಿ ಇನ್ನೊಂದು ಮಗ್ಗುಲನ್ನೂ ಹಾಗೆಯೇ ಕಡೆಯುತ್ತಾರೆ. ಕೈಗೆ ಬರುವುದು ದಪ್ಪನೆಯ ಮರದ ಬಳೆ, ನೋಡಿದರೆ ತಲೆಬುಡ ತಿಳಿಯದು. ಅದರ ಮೇಲೆ ಚಾಕುವಿಟ್ಟು ಸುತ್ತಿಗೆಯಿಂದ ತಟ್ಟಿದರೆ ಹೋಳೊಂದು ಕಳಚಿ ಬೀಳುತ್ತದೆ. ಸೀಳಿದ ಮೈಯಲ್ಲಿ ನಿಂತಿರುತ್ತದೆ ಕುದುರೆ! ಒಂದೇ ಬಳೆಯಲ್ಲಿ ಅಂಥವು ಹತ್ತಾರು. ಕಡೆಯುವಾತನಿಗೆ ಮಾತ್ರ ಅಲ್ಲಿಯವರೆಗೂ ಕುದುರೆ ಕಾಣದು. ಬೆನ್ನು, ಹೊಟ್ಟೆ, ಕಾಲಿನ ಲೆಕ್ಕವೆಲ್ಲ ಕೈಯಲ್ಲೇ ಇರಬೇಕು.

ಈ ಜಾಣತನದಿಂದ ಗೊಂಬೆ ಅಗ್ಗವಾಯಿತು. ಬೈಬಲ್ ಕತೆಯ ನೋಹನ ನಾವೆಯೆಂಬ ಆಟಿಕೆಗೆ ಬೇಕಾದ ಪ್ರಾಣಿಗಳ ಹಿಂಡು ಹಿಂಡೇ ಹೊರದೇಶಗಳಿಗೆ ಹೊರಟಿತು. ಲಾಭ ಕಂಡವರು ವ್ಯಾಪಾರಿಗಳು. ಕಿವಿ, ಬಾಲ ಅಂಟಿಸಿ ಬಣ್ಣ ಬಳಿಯಲು ಮನೆಮಂದಿಯೆಲ್ಲ ಕೂರಬೇಕಿತ್ತು, ಶಾಲೆಗೆ ಹೋಗುವ ಮಕ್ಕಳೂ ಸೇರಿ. ಇಂದಿನ ಅಂಗಡಿಗಳ ಹೊಳಪಿನಲ್ಲಿ ಇದು ಸುಲಭವಾಗಿ ಮರೆತುಹೋಗುತ್ತದೆ.

1870ರ ಸುಮಾರಿಗೆ ಇಲ್ಲಿನ ವಿಲ್ಹೆಲ್ಮ್ ಫ್ಯೂಕ್ಟ್‌ನರ್ ಲೇತಿನಲ್ಲಿ ಕಡೆದ, ಗಟ್ಟಿ ಚಿಪ್ಪಿನ ಬೀಜ ಒಡೆಯುವ ‘ನಟ್‌ಕ್ರ್ಯಾಕರ್’ ಗೊಂಬೆ ಊರಿಗೆ ಇನ್ನಷ್ಟು ಹೆಸರು ತಂದಿತು. ಬೀಜ ಒಡೆಯಲು ನಿಂತವರು ಯಾರು? ರಾಜ ಮತ್ತು ಪೊಲೀಸ್! ಬಡವರ ಕುಚೋದ್ಯ ಇದು ಎಂದರೆ ತಪ್ಪಾಗದು.

ಪೂರ್ವ ಜರ್ಮನಿಯ ಕಾಲದಲ್ಲಿ ಇದೇ ಗೊಂಬೆಗಳು ಸರ್ಕಾರಕ್ಕೆ ವಿದೇಶಿ ಹಣ ತಂದುಕೊಟ್ಟವು. ಈಗ ಬಳೆ ಕಡೆಯಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಮರದ ಆಟಿಕೆ ತಯಾರಿಕೆ ಮಾತ್ರ ಇಂದಿಗೂ ಜರ್ಮನಿಯಲ್ಲಿ ಅಧಿಕೃತ ಮಾನ್ಯತೆ ಪಡೆದ ಕಸುಬು. ಅದನ್ನು ಕಲಿಯಬೇಕೆಂದವರು ಜೈಫೆನ್‌ನ ಶಾಲೆಗೆ ಬರುತ್ತಾರೆ.