ನಿಮಗಿದು ಗೊತ್ತೇ? ದಿನಸಿ ಚೀಟಿಯ ಗ್ರಾಂ ಲೆಕ್ಕ

ಕೇಂದ್ರ ಸರ್ಕಾರದ 2023-24ರ ಸಮೀಕ್ಷೆಯ ಪ್ರಕಾರ, ಹಳ್ಳಿಯ ಮನೆಯಲ್ಲಿ ಖರ್ಚಾಗುವ ಪ್ರತಿ 100 ರೂಪಾಯಿಯಲ್ಲಿ 47 ರೂಪಾಯಿ ಊಟ-ತಿಂಡಿಗೇ ಹೋಗುತ್ತದೆ. ಪಟ್ಟಣದಲ್ಲಿ ಸುಮಾರು 40. ಮನೆ ಬಾಡಿಗೆ, ಸ್ಕೂಲ್ ಫೀಸು ನಮ್ಮ ಮಾತು ಕೇಳುವುದಿಲ್ಲ. ದಿನಸಿ ಚೀಟಿ ಬರೆಯುವವರು ಮಾತ್ರ ನಾವೇ. ಅಲ್ಲಿ ಹಣ ಗ್ರಾಂ ಗ್ರಾಂ ಆಗಿ ಸೋರುತ್ತದೆ. ಹಾಗಾಗಿ ಈ ಸಲ ಬೆಲೆಗಿಂತ ತೂಕದ ಮಾತೇ ಜಾಸ್ತಿ.

ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಅಂಗಡಿಯ ರ‍್ಯಾಕಿನಲ್ಲಿ ಸಾಲಾಗಿ ಜೋಡಿಸಿದ ಪಾಕೆಟ್‌ಗಳಲ್ಲಿ ಕೆಲವು 910 ಗ್ರಾಂ, ಕೆಲವು 850, ಇನ್ನು ಕೆಲವು 750. ಕೈಗೆ ಸಿಕ್ಕಿದ್ದನ್ನೆಲ್ಲ ನಾವು 'ಒಂದು ಲೀಟರ್ ಪಾಕೆಟ್' ಎಂದೇ ಬುಟ್ಟಿಗೆ ಹಾಕುತ್ತೇವೆ. ಕಳೆದ ತಿಂಗಳು 850 ಗ್ರಾಂನದೊಂದನ್ನು ತಂದು, ಅಳತೆಯ ಗೆರೆಯಿರುವ ಜಾಡಿಗೆ ಸುರಿದು, ಪಾಕೆಟ್ಟನ್ನು ಹಿಂಡಿ ಹಿಂಡಿ ಕೊನೆಯ ತೊಟ್ಟನ್ನೂ ಇಳಿಸಿ ನೋಡಿದೆ. ಎಣ್ಣೆ 930 ಮಿ.ಲೀ. ಗೆರೆಯ ಆಸುಪಾಸಿನಲ್ಲೇ ನಿಂತಿತು. ಉಳಿದ 70 ಮಿ.ಲೀ. ಎಂದರೆ ನಾಲ್ಕೈದು ಒಗ್ಗರಣೆಯ ಎಣ್ಣೆ. ಪಾಕೆಟ್ ಮೇಲೆ ತೂಕ ಸರಿಯಾಗಿಯೇ ಅಚ್ಚಾಗಿತ್ತು, ನಾನು ಓದಿರಲಿಲ್ಲ ಅಷ್ಟೇ.

ಇದಕ್ಕೆ ಕಾನೂನು ಕೊಟ್ಟಿರುವ ಒಂದು ಅನುಕೂಲವಿದೆ. ಎಂಆರ್‌ಪಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಬೆಲೆ ಇರುತ್ತದೆ. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂಗೆ ಎಷ್ಟು, ಹೆಚ್ಚಿನದಕ್ಕೆ ಕಿಲೋಗೆ ಎಷ್ಟು ಎಂಬ ಲೆಕ್ಕ ಅದು. ಎರಡು ಕಂಪನಿಯ ಕಾಫಿಪುಡಿಯನ್ನೋ ಖಾರದಪುಡಿಯನ್ನೋ ಹೋಲಿಸಬೇಕಾದರೆ ಅದೊಂದನ್ನು ನೋಡಿದರೆ ಸಾಕು. ಕನ್ನಡಕ ಮರೆತು ಅಂಗಡಿಗೆ ಹೋಗಬೇಡಿ.

ದೊಡ್ಡ ಪೊಟ್ಟಣವೇ ಅಗ್ಗ ಎಂಬ ನಂಬಿಕೆ ಎಷ್ಟೋ ಸಲ ಸುಳ್ಳು. ಶಾಂಪೂವಿನ ಸಣ್ಣ ಸ್ಯಾಷೆ ಹಲವು ಬಾರಿ ಬಾಟಲಿಗಿಂತ ಅಗ್ಗಕ್ಕೆ ಬೀಳುತ್ತದೆ.

ಎಂಆರ್‌ಪಿ ಎಂದರೆ ಗರಿಷ್ಠ ಬೆಲೆ, ಎಲ್ಲ ತೆರಿಗೆಯೂ ಅದರೊಳಗೇ ಸೇರಿರುತ್ತದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಕೊಡಬಾರದೆಂದು ಯಾವ ಕಾನೂನೂ ಹೇಳಿಲ್ಲ. ತಿಂಗಳ ಸಾಮಾನು ಒಟ್ಟಿಗೆ ಒಯ್ಯುವವರು ಧೈರ್ಯವಾಗಿ ಚೌಕಾಶಿ ಮಾಡಬಹುದು.

26 ಕಿಲೋ ಅಕ್ಕಿ ಮೂಟೆ ನೋಡಿದ್ದೀರಾ? ಮೊದಲೆಲ್ಲ 25 ಕಿಲೋ ಇತ್ತಲ್ಲ, ಒಂದು ಕಿಲೋ ಎಲ್ಲಿಂದ ಬಂತು? 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಅದು 25 ಕಿಲೋವರೆಗಿನ ಪ್ಯಾಕಿಗೆ ಮಾತ್ರ. ಒಂದು ಕಿಲೋ ಹೆಚ್ಚಾದರೆ ತೆರಿಗೆ ಇಲ್ಲ! ಅಕ್ಕಿ ಗಿರಣಿಯವರು ಮೂಟೆಯ ತೂಕವನ್ನೇ ಬದಲಿಸಿದರು. 1,500 ರೂಪಾಯಿಯ ಅಕ್ಕಿಗೆ ಈ ತೆರಿಗೆ 75 ರೂಪಾಯಿ. ಚೀಲದಿಂದ ತೂಗಿಕೊಡುವ ಬಿಡಿ ಅಕ್ಕಿ-ಬೇಳೆಗೂ ತೆರಿಗೆಯಿಲ್ಲ. ಆದರೆ ಇಬ್ಬರೇ ಇರುವ ಮನೆಗೆ ಮೂಟೆ ಬೇಡ. ಮಳೆಗಾಲದಲ್ಲಿ ನುಸಿ ಬಿದ್ದರೆ ಆ 75 ರೂಪಾಯಿ ಎಲ್ಲಿಗೂ ಸಾಲದು.

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸೋಪು, ಟೂತ್‌ಪೇಸ್ಟ್‌ಗಳ ಜಿಎಸ್‌ಟಿ 18ರಿಂದ 5ಕ್ಕೆ, ತುಪ್ಪ-ಬೆಣ್ಣೆಯದು 12ರಿಂದ 5ಕ್ಕೆ ಇಳಿದಿದೆ. ಹಳೆಯ ಬಿಲ್ಲೊಂದನ್ನು ಹುಡುಕಿ ಪಕ್ಕದಲ್ಲಿಟ್ಟು ನೋಡಿ.

ಹಾಲಿನ ಪಾಕೆಟ್ ಕೂಡ ಹಿಗ್ಗಿ ಕುಗ್ಗಿದೆ. 2024ರ ಜೂನ್‌ನಲ್ಲಿ ನಂದಿನಿ ಪಾಕೆಟ್ಟಿಗೆ 50 ಮಿ.ಲೀ. ಸೇರಿಸಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿತು, ಆ 50 ಮಿ.ಲೀ. ವಾಪಸು ಹೋಯಿತು. ಏರಿಸಿದ ಹಣ ಹಾಲು ಹಾಕುವ ರೈತರಿಗೆ ಎಂದು ಹೇಳಿದ್ದರಿಂದ ನನಗೆ ತಕರಾರಿಲ್ಲ. ಮನೆಯ ಲೆಕ್ಕದ ಪುಸ್ತಕದಲ್ಲಿ ಬೆಲೆಯ ಜೊತೆ ಅಳತೆಯನ್ನೂ ಬರೆದುಕೊಳ್ಳಿ ಎನ್ನುವುದಷ್ಟೇ ನನ್ನ ಮಾತು.

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಲೇಬೇಕು. ಸಾಮಾನು ಇಡುವ ಮುಂಚೆ ಸೊನ್ನೆ ಕಾಣುತ್ತಿದೆಯೇ ನೋಡಿ. ಸಿಹಿ ಅಂಗಡಿಯಲ್ಲಿ ಡಬ್ಬಿಯ ಸಮೇತ ತೂಗಿದರೆ ತಡೆದು ಕೇಳಿ. ಕಿಲೋಗೆ 600 ರೂಪಾಯಿಯ ಮೈಸೂರು ಪಾಕಿನ ಜೊತೆ 50 ಗ್ರಾಂ ರಟ್ಟು ತೂಗಿದರೆ, ಆ ರಟ್ಟಿಗೇ 30 ರೂಪಾಯಿ ಕೊಟ್ಟಂತೆ. ತೂಕದಲ್ಲೋ ಬೆಲೆಯಲ್ಲೋ ಮೋಸವಾದರೆ ಗ್ರಾಹಕ ಸಹಾಯವಾಣಿ 1915.

ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿ ಹುಟ್ಟಿದ್ದೇ ನಾವು ಹೆಚ್ಚು ಕೊಳ್ಳಲಿ ಎಂದು. 1937ರಲ್ಲಿ ಅಮೆರಿಕದ ಒಕ್ಲಹೋಮಾ ಸಿಟಿಯ ವ್ಯಾಪಾರಿ ಸಿಲ್ವನ್ ಗೋಲ್ಡ್‌ಮನ್, ಕೈಬುಟ್ಟಿ ಭಾರವಾದೊಡನೆ ಗಿರಾಕಿಗಳು ಖರೀದಿ ನಿಲ್ಲಿಸುತ್ತಾರೆಂದು ಕಂಡು ಅದನ್ನು ಮಾಡಿಸಿದ. ಮೊದಮೊದಲು ಯಾರೂ ಮುಟ್ಟಲಿಲ್ಲ. ಕೂಲಿ ಕೊಟ್ಟು ಜನರಿಂದ ಅಂಗಡಿಯೊಳಗೆ ತಳ್ಳಿಸಿ ರೂಢಿ ಮಾಡಿಸಿದ. ನಾಲ್ಕೇ ಸಾಮಾನಿಗೆ ಹೋದ ದಿನ ಕೈಬುಟ್ಟಿಯೇ ಇರಲಿ.

ಹಣ್ಣು-ತರಕಾರಿ ಮಾರುವ ಹಾಪ್‌ಕಾಮ್ಸ್ ಶುರುವಾದದ್ದು 1959ರಲ್ಲಿ, ಡಾ. ಎಂ.ಎಚ್. ಮರೀಗೌಡರ ಮುಂದಾಳತ್ವದಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅಲ್ಲಿನ ಅಂದಂದಿನ ದರಪಟ್ಟಿ ನೋಡಿಕೊಂಡರೆ ಬೀದಿಯ ತರಕಾರಿ ಗಾಡಿಯವರ ಹತ್ತಿರ ಯಾವ ಬೆಲೆಗೆ ಕೇಳಬೇಕೆಂಬ ಅಂದಾಜು ಸಿಗುತ್ತದೆ.

ವರ್ಷದ ಸಾಮಾನಿಗೆ ಸುಗ್ಗಿ ಕಾಯಬೇಕು. ಕಲಬುರಗಿ ಕಡೆಯ ತೊಗರಿ ಕೊಯ್ಲು ಡಿಸೆಂಬರ್-ಜನವರಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿ ಬೀಳುವುದು ಜನವರಿಯಿಂದ ಮಾರ್ಚ್‌ವರೆಗೆ. ಹೊಸ ಹುಣಸೆಹಣ್ಣು ಬರುವುದೂ ಅದರ ಬೆನ್ನಿಗೇ. ಬೇಸಿಗೆಯ ಬಿಸಿಲೂ ಆಗ ಧಾರಾಳ, ಒಣಗಿಸಿ ಡಬ್ಬಿ ತುಂಬಿದರೆ ಬೂಸ್ಟು ಹಿಡಿಯುವುದಿಲ್ಲ. ಬ್ಯಾಡಗಿ ಕೊಡುವುದು ಬಣ್ಣ, ಖಾರ ಕಡಿಮೆ. ಖಾರಕ್ಕೆ ಗುಂಟೂರು ಬೆರೆಸಿಕೊಂಡರೆ ದುಬಾರಿ ಬ್ಯಾಡಗಿ ಅರ್ಧದಷ್ಟೇ ಸಾಕಾಗುತ್ತದೆ. ತೊಗರಿಬೇಳೆಗೆ ಒಂದಿಷ್ಟು ಹರಳೆಣ್ಣೆ ಸವರಿಟ್ಟರೆ ಹುಳ ಹತ್ತಿರ ಸುಳಿಯದು. ಇನ್ನು ರಾಗಿಯ ಮಾತು ಬೇಡವೇ ಬೇಡ, ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿದ ಧಾನ್ಯ ಅದು.

ಇಡ್ಲಿಗೂ ತರಿ ಉಪ್ಪಿಟ್ಟಿಗೂ ನುಚ್ಚಕ್ಕಿ ನಡೆಯುತ್ತದೆ, ಬೆಲೆ ಕಡಿಮೆ. ಊಟಕ್ಕೆ ಮಾತ್ರ ಹಳೆ ಅಕ್ಕಿಯೇ ಲಾಭ. ಕಿಲೋಗೆ ನಾಲ್ಕೈದು ರೂಪಾಯಿ ಹೆಚ್ಚಾದರೂ ನೀರು ಹೆಚ್ಚು ಕುಡಿದು ಅರಳುತ್ತದೆ. "ಹಳೇದು ಒದಗುತ್ತೆ ಕಣೇ" ಎನ್ನುತ್ತಿದ್ದರು ನಮ್ಮಮ್ಮ. ಅವರ ಹಿತ್ತಾಳೆ ಪಾವು ಇವತ್ತಿಗೂ ನಮ್ಮ ಅಕ್ಕಿ ಡಬ್ಬದೊಳಗಿದೆ. ಒಂದು ಕಡೆ ನಗ್ಗಿದೆ, ಅಂಚು ಸವೆದಿದೆ. ತಲೆಗೆ ಅರ್ಧ ಪಾವು, ನೆಂಟರು ಬಂದರೆ ಮೇಲೊಂದು ಹಿಡಿ. ಆ ಲೆಕ್ಕದಲ್ಲಿ ಅಳೆದು ಹಾಕಿದ ದಿನ ನಮ್ಮ ಮನೆಯಲ್ಲಿ ರಾತ್ರಿ ಅನ್ನ ಮಿಗುವುದಿಲ್ಲ.