ಹೊರಗೋಡೆಯ ಮೇಲೆ ಯಾರ ಅಧಿಕಾರ?

ಮನೆ ಕಟ್ಟುವವನು ತನ್ನ ಹಣದಿಂದ, ತನ್ನ ನಿವೇಶನದಲ್ಲಿ ಕಟ್ಟುತ್ತಾನೆ. ಒಳಗೋಡೆಗೆ ಏನು ಬಳಿದನೆಂದು ಯಾರೂ ಕೇಳುವುದಿಲ್ಲ. ಹೊರಗೋಡೆಯಾದರೋ ಬೀದಿಯಲ್ಲಿ ನಡೆಯುವವರೆಲ್ಲರ ಕಣ್ಣಿಗೆ ಬೀಳುವಂಥದು. ಅದನ್ನು ಇಂಥ ಸಾಮಗ್ರಿಯಿಂದಲೇ ಕಟ್ಟತಕ್ಕದ್ದೆಂದು ನಗರಸಭೆ ವಿಧಿಸಬಹುದೆ? ಅಮೆರಿಕದಲ್ಲಿ ಈ ಪ್ರಶ್ನೆ ಶಾಸನಸಭೆಗಳ ತನಕ ಹೋಗಿದೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಕೇವಲ ಗಾರೆಕೆಲಸದ ಮಾತಾಗಿ ತೋರಲಿಲ್ಲ.

ಇಂತಹ ನಿಯಮಗಳಿಗೆ ಹಳೆಯ ಕಾರಣವೆಂದರೆ ಬೆಂಕಿ. 1666ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರೊಟ್ಟಿಯಂಗಡಿಯೊಂದರಲ್ಲಿ ಹೊತ್ತಿಕೊಂಡ ಕಿಚ್ಚು ಸುಮಾರು 13,200 ಮನೆಗಳನ್ನು ಆಹುತಿ ತೆಗೆದುಕೊಂಡಿತು. ಮರದ ಮನೆಗಳು ಒಂದಕ್ಕೊಂದು ಒತ್ತಿಕೊಂಡಿದ್ದುದೇ ಇದಕ್ಕೆ ಮುಖ್ಯ ಕಾರಣ. ಮರುವರ್ಷ ಪಾರ್ಲಿಮೆಂಟು ಶಾಸನ ಮಾಡಿ, ಇನ್ನು ಮುಂದೆ ಮನೆಗಳ ಹೊರಮೈ ಇಟ್ಟಿಗೆ ಅಥವಾ ಕಲ್ಲಿನದಾಗಿರಬೇಕೆಂದು ಗೊತ್ತುಮಾಡಿತು. ನೆರೆಯವನ ಪ್ರಾಣ ನಮ್ಮ ಗೋಡೆಯನ್ನು ಅವಲಂಬಿಸಿರುವಾಗ ಇದಕ್ಕೆ ಯಾರು ತಾನೆ ಆಕ್ಷೇಪಿಸಿಯಾರು?

ಅಮೆರಿಕದ ಈಚಿನ ನಿಯಮಗಳ ಸಂಗತಿ ಬೇರೆ. ಅದನ್ನು ತಿಳಿಯಬೇಕಾದರೆ ಅಲ್ಲಿನ ಮನೆಯ ರಚನೆಯನ್ನು ಸ್ವಲ್ಪ ನೋಡಬೇಕು. ನಮ್ಮ ಹಳ್ಳಿಯ ಮಣ್ಣಿನ ಗೋಡೆಯಾಗಲಿ, ಕರಾವಳಿಯ ಮುರಕಲ್ಲಿನ ಗೋಡೆಯಾಗಲಿ ಮಾಡಿನ ಭಾರವನ್ನು ತಾನೇ ಹೊರುತ್ತದೆ. ಅಲ್ಲಿಯ ಬಹುಪಾಲು ಮನೆಗಳಲ್ಲಿ ಭಾರ ಹೊರುವುದು ಮರದ ಚೌಕಟ್ಟು. ಹೊರಗೆ ಕಾಣುವುದು ಮಳೆಗಾಳಿಯನ್ನು ತಡೆಯುವ ಹೊದಿಕೆ ಮಾತ್ರ. ಅದು ಮನೆಯ ಅಂಗಿ ಎನ್ನಬಹುದು. ಇಟ್ಟಿಗೆಯ ಮನೆಯೆಂದು ಕಾಣುವುದು ಕೂಡ ಎಷ್ಟೋ ವೇಳೆ ಮರದ ಮನೆಗೆ ತೊಡಿಸಿದ ಒಂದು ವರಸೆ ಇಟ್ಟಿಗೆ! ಮರದ ಹಲಗೆ, ಸಿಮೆಂಟು ಮತ್ತು ನಾರು ಬೆರೆಸಿದ ಹಲಗೆ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ, ಇವು ಉಳಿದ ಅಂಗಿಗಳು. ವಿನೈಲ್ ಅಗ್ಗ, ಬಣ್ಣ ಹಚ್ಚುವ ಖರ್ಚಿಲ್ಲ. ಆದರೆ ಹೆಚ್ಚು ಕಾವಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಇಟ್ಟಿಗೆ ಬಾಳಿಕೆಯದು, ದುಬಾರಿ.

ಟೆಕ್ಸಾಸ್ ರಾಜ್ಯದ ಅನೇಕ ಊರುಗಳು ಹೊರಗೋಡೆಯ ಬಹುಭಾಗ ಇಟ್ಟಿಗೆ ಇಲ್ಲವೆ ಕಲ್ಲಿನದಾಗಿರಬೇಕೆಂದು ವಿಧಿಸಿದ್ದವು. ಊರಿಗೆ ಅಂದ, ಆಸ್ತಿಗೆ ಬೆಲೆ, ಕಟ್ಟಡಕ್ಕೆ ಬಾಳಿಕೆ, ಇವು ಅವರು ಕೊಡುತ್ತಿದ್ದ ಕಾರಣಗಳು. ಅಂದಕ್ಕಾಗಿ ಸರಕಾರ ಕೈಹಾಕಬಹುದೆಂಬುದಕ್ಕೆ ನ್ಯಾಯಾಲಯದ ಬೆಂಬಲವೂ ಉಂಟು. ಊರು ಆರೋಗ್ಯವಾಗಿರುವಂತೆಯೇ ಸುಂದರವಾಗಿಯೂ ಇರಬೇಕೆಂದು ಶಾಸನಸಭೆ ನಿರ್ಧರಿಸಬಹುದೆಂಬ ಅಭಿಪ್ರಾಯವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಕೊಟ್ಟಿತು. ಅದು ವಾಷಿಂಗ್ಟನ್ನಿನ ಬಡವರ ವಸತಿಪ್ರದೇಶವೊಂದನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ ಸಂಬಂಧಿಸಿದ ಮೊಕದ್ದಮೆ ಎಂಬುದನ್ನು ವಾಚಕರು ಗಮನಿಸಬೇಕು.

ಏಕೆಂದರೆ ಅಂದದ ಬೆಲೆಯನ್ನು ತೆರುವವರು ಯಾರೆಂಬುದೇ ಇಲ್ಲಿಯ ತಿರುಳು. ಇಂಥವರು ಇಲ್ಲಿ ವಾಸಿಸಕೂಡದೆಂದು ವರ್ಣದ ಆಧಾರದಿಂದ ಮಾಡಿದ ನಗರ ನಿಯಮವನ್ನು ಅದೇ ನ್ಯಾಯಾಲಯ 1917ರಲ್ಲೇ ತಳ್ಳಿಹಾಕಿತ್ತು. ಇಟ್ಟಿಗೆಯ ನಿಯಮ ಯಾರ ಹೆಸರನ್ನೂ ಎತ್ತುವುದಿಲ್ಲ. ಕಟ್ಟುವ ಖರ್ಚನ್ನು ಒಂದಿಷ್ಟು ಏರಿಸುತ್ತದೆ, ಅಷ್ಟೆ. ಸಾಲದ ಕಂತನ್ನು ಹೇಗೋ ಹೊಂದಿಸಬಹುದಾಗಿದ್ದ ಸಂಸಾರ ಆ ಒಂದಿಷ್ಟರಿಂದಲೇ ಪಕ್ಕದ ಊರಿಗೆ ಹೋಗಬೇಕಾಗುತ್ತದೆ. ನಿಯಮ ಮಾಡಿದವರ ಮನಸ್ಸಿನಲ್ಲಿ ಇದಿತ್ತೆಂದು ನಾನು ಆರೋಪಿಸುವುದಿಲ್ಲ. ಪರಿಣಾಮಕ್ಕೆ ಉದ್ದೇಶ ಬೇಕಾಗಿಲ್ಲ.

2019ರಲ್ಲಿ ಟೆಕ್ಸಾಸ್ ಶಾಸನಸಭೆ ಈ ಅಧಿಕಾರವನ್ನೇ ಮೊಟಕುಗೊಳಿಸಿತು. ರಾಷ್ಟ್ರಮಟ್ಟದ ಮಾದರಿ ಕಟ್ಟಡ ಸಂಹಿತೆಯ ಈಚಿನ ಮೂರು ಆವೃತ್ತಿಗಳಲ್ಲಿ ಯಾವುದಾದರೊಂದು ಒಪ್ಪಿದ ಸಾಮಗ್ರಿಯನ್ನು ಊರಿನ ಆಡಳಿತ ನಿಷೇಧಿಸುವಂತಿಲ್ಲ. ಐತಿಹಾಸಿಕ ಸ್ಥಳಗಳಂಥ ಕೆಲವಕ್ಕೆ ವಿನಾಯಿತಿಯುಂಟು. ಉತ್ತರ ಕೆರೋಲಿನಾ 2015ರಲ್ಲೇ ಒಂದೆರಡು ಸಂಸಾರಗಳ ಮನೆಗಳಿಗೆ ಅನ್ವಯಿಸುವಂತೆ ಹೀಗೆ ಮಾಡಿತ್ತು. ಮನೆ ಕಟ್ಟಿ ಮಾರುವ ಉದ್ಯಮಿಗಳು ಟೆಕ್ಸಾಸಿನ ಶಾಸನವನ್ನು ಬೆಂಬಲಿಸಿದರು. ಉಳಿತಾಯವೆಲ್ಲ ಕೊಳ್ಳುವವನ ಕೈಸೇರುವುದೆಂಬ ಭರವಸೆ ನನಗಿಲ್ಲ. ಊರಿನ ಜನ ಆರಿಸಿದ ಸಭೆಯ ಅಧಿಕಾರವನ್ನು ದೂರದ ರಾಜಧಾನಿ ಕಸಿಯಿತೆಂದು ನಗರಸಭೆಗಳು ದೂರಿದುದರಲ್ಲಿಯೂ ಹುರುಳಿದೆ. ಆದರೂ ಬೆಂಕಿಯನ್ನು ತಡೆಯುವ ಗೋಡೆಯನ್ನು ಬಲವಂತ ಮಾಡಬಹುದು, ಕಣ್ಣಿಗೆ ಹಿತವಾದ ಗೋಡೆಯನ್ನು ಮಾಡಬಾರದು ಎಂಬ ಪಕ್ಷಕ್ಕೇ ನನ್ನ ಮತ.

ಇಷ್ಟಾದರೂ ಇಟ್ಟಿಗೆಯ ಕಟ್ಟಳೆ ಅಲ್ಲಿ ಅಳಿದಿಲ್ಲ. ಬಡಾವಣೆ ಮಾಡುವವರು ನಿವೇಶನದ ಪತ್ರಗಳಲ್ಲೇ ಆ ಷರತ್ತನ್ನು ಬರೆಯಿಸುವುದುಂಟು. ಅದನ್ನು ಜಾರಿಗೆ ತರುವುದು ಮನೆಯೊಡೆಯರ ಸಂಘ. ಟೆಕ್ಸಾಸಿನ ಹೊಸ ಶಾಸನ ತಡೆದಿರುವುದು ಸರಕಾರಿ ಆಡಳಿತಗಳನ್ನು. ಖಾಸಗಿ ಕರಾರನ್ನು ಅದು ಮುಟ್ಟುವುದಿಲ್ಲ.