ನಿಮಗಿದು ಗೊತ್ತೆ? – ಹಿಮಸಾಗರ ನುಂಗಿದ ಹಡಗುಗಳು

ಉತ್ತರಧ್ರುವ ಪ್ರದೇಶದ ಹಿಮರಾಶಿಯ ನಡುವೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್ಕಿಗೆ ಜಲಮಾರ್ಗವೊಂದನ್ನು ಕಂಡುಹಿಡಿಯಬೇಕೆಂಬ ಮಹತ್ತ್ವಾಕಾಂಕ್ಷೆಯಿಂದ 1845ರ ಮೇ ತಿಂಗಳಿನಲ್ಲಿ ಇಂಗ್ಲೆಂಡನ್ನು ಬಿಟ್ಟು ಹೊರಟ ಸರ್ ಜಾನ್ ಫ್ರಾಂಕ್ಲಿನ್ನನ ‘ಎರೆಬಸ್’ ಮತ್ತು ‘ಟೆರರ್’ ಎಂಬ ನೌಕೆಗಳಾಗಲಿ, ಅವುಗಳೊಡನೆ ಕಣ್ಮರೆಯಾದ 129 ಮಂದಿಯಲ್ಲಿ ಒಬ್ಬನೇ ಒಬ್ಬನಾಗಲಿ ಮರಳಿ ಬರಲಿಲ್ಲ.

1859ರಲ್ಲಿ ಕಿಂಗ್ ವಿಲಿಯಂ ದ್ವೀಪದ ಕಲ್ಲುಗುಪ್ಪೆಯೊಂದರಲ್ಲಿ ದೊರೆತ ಹಾಳೆಯಿಂದ, ಫ್ರಾಂಕ್ಲಿನ್ನನು 1847ರ ಜೂನ್ 11ರಂದು ತೀರಿಕೊಂಡನೆಂದೂ, ಹಿಮದಲ್ಲಿ ಸಿಲುಕಿದ ಹಡಗುಗಳನ್ನು ಮರುವರ್ಷದ ಏಪ್ರಿಲಿನಲ್ಲಿ ತೊರೆದು ಉಳಿದವರು ಕಾಲ್ನಡಿಗೆಯಲ್ಲಿ ಹೊರಟರೆಂದೂ ತಿಳಿದುಬಂದಿತಾದರೂ, ಹಡಗುಗಳು ಎಲ್ಲಿ ಮುಳುಗಿದುವೆಂಬುದು ನಿಗೂಢವಾಗಿಯೇ ಉಳಿಯಿತು.

ಆದರೆ ಅಲ್ಲಿಯ ಮೂಲನಿವಾಸಿಗಳಾದ ಇನ್ಯೂಟ್ ಜನರು ಮೊದಲಿನಿಂದಲೂ ಉತ್ತರವನ್ನು ಹೇಳುತ್ತಲೇ ಇದ್ದರು! ಹಸಿವಿನಿಂದ ಕಂಗೆಟ್ಟ ನಾವಿಕರು ಸತ್ತ ಸಂಗಡಿಗರ ಮಾಂಸವನ್ನು ತಿಂದರೆಂಬ ಅವರ ಮಾತನ್ನು 1854ರಲ್ಲಿ ಜಾನ್ ರೇ ಎಂಬ ಅನ್ವೇಷಕನು ಲಂಡನ್ನಿಗೆ ಮುಟ್ಟಿಸಿದಾಗ, ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ಅದನ್ನು ಅನಾಗರಿಕರ ಸಾಕ್ಷ್ಯವೆಂದು ತಿರಸ್ಕರಿಸಿ ಬರೆದನು; ದೀನದಲಿತರಿಗಾಗಿ ಅಷ್ಟು ಮಿಡಿದ ಲೇಖನಿಗೆ ಇದು ಶೋಭಿಸುವ ಕಾರ್ಯವಾಗಿರಲಿಲ್ಲ.

ಒಂದು ಹಡಗು ದಕ್ಷಿಣಕ್ಕೆ ಸರಿದು ಆಳವಿಲ್ಲದ ನೀರಿನಲ್ಲಿ ಮುಳುಗಿತೆಂದು ತಲೆಮಾರುಗಳಿಂದ ಬಾಯಿಂದ ಬಾಯಿಗೆ ಸಾಗಿಬಂದ ವೃತ್ತಾಂತವನ್ನು ಅನುಸರಿಸಿದ ಕೆನಡಾದ ಶೋಧಕರಿಗೆ 2014ರಲ್ಲಿ ಎರೆಬಸ್ ಸುಮಾರು 11 ಮೀಟರ್ ಆಳದಲ್ಲಿ ದೊರೆಯಿತು. 2016ರಲ್ಲಿ ಇನ್ಯೂಟ್ ಬೇಟೆಗಾರನೊಬ್ಬನ ಸೂಚನೆಯಂತೆ ಟೆರರ್ ಸಿಕ್ಕಿದ ಕೊಲ್ಲಿಗೆ, ಸೋಜಿಗವೆಂಬಂತೆ, ‘ಟೆರರ್ ಬೇ’ ಎಂಬ ಹೆಸರು ಮೊದಲೇ ಇದ್ದಿತು.

ದ್ವೀಪದಲ್ಲಿ ದೊರೆತ ದವಡೆಯ ಮೂಳೆಯೊಂದು ಎರೆಬಸ್ಸಿನ ಕಪ್ತಾನ ಜೇಮ್ಸ್ ಫಿಟ್ಸ್‌ಜೇಮ್ಸನದೆಂದು 2024ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಸಿದ್ಧವಾಯಿತು. ಅದರ ಮೇಲಿದ್ದ ಚೂರಿಯ ಗೀರುಗಳು ರೇ ತಂದಿದ್ದ ವಾರ್ತೆಯನ್ನೇ ಸಮರ್ಥಿಸಿದುವು.